ಒಂದು ಚೀಟಿ, ಎಂಟು ಸಾಲು

ಶಿವಮೊಗ್ಗದ ನವುಲೆಯ ಯಜಮಾನರೊಬ್ಬರು ವೈದ್ಯರ ಚೀಟಿ ಹಿಡಿದು ಔಷಧದಂಗಡಿಯ ಕೌಂಟರಿನ ಮುಂದೆ ನಿಂತಿದ್ದಾರೆ ಎಂದುಕೊಳ್ಳಿ. ಬೆಳಗ್ಗೆ ಆರಕ್ಕೆ ಒಂದು ಲೋಟ ಕಾಫಿ ಕುಡಿದು ತೋಟಕ್ಕೆ ಹೋದರೆ ತಿಂಡಿಗೆ ಮನೆ ಸೇರುವುದು ಒಂಬತ್ತೂವರೆಗೆ. ಮಧ್ಯಾಹ್ನ ಒಂದೂವರೆಗೆ ಊಟ, ರಾತ್ರಿ ಎಂಟಕ್ಕೆ ಊಟ, ಉಳಿದ ಹೊತ್ತೆಲ್ಲ ಬಾಯಲ್ಲಿ ಎಲೆ-ಅಡಿಕೆ. ಚೀಟಿಯಲ್ಲಿ ಇದು ಯಾವುದೂ ಇಲ್ಲ. ಚೀಟಿಯಲ್ಲಿರುವುದು ಎಂಟು ಸಾಲು.

ಆ ಎಂಟು ಸಾಲಿಗೆ ಇಲ್ಲಿ ಒಂದೊಂದಾಗಿ ಟೀಕೆ ಬರೆಯುತ್ತಿದ್ದೇನೆ. 14ನೇ ಶತಮಾನದ ಮಂಗರಾಜ ವಿಷವೈದ್ಯವನ್ನು 'ಖಗೇಂದ್ರಮಣಿದರ್ಪಣ'ದಲ್ಲಿ ಕನ್ನಡ ಪದ್ಯವಾಗಿಸಿದ. ಅಂಥ ಪದ್ಯವನ್ನು ಬಿಡಿಸಿ ಓದುವಷ್ಟೇ ನಿಧಾನವಾಗಿ ಚೀಟಿಯನ್ನೂ ಓದಬೇಕು ಎನ್ನುವುದು ವಾರ್ಡಿಗೆ ಬರುವ ಫಾರ್ಮ್ ಡಿ ಮಕ್ಕಳಿಗೆ ನಾನು ಮೊದಲ ದಿನವೇ ಹೇಳುವ ಮಾತು. ಇದು ಯಾರದೋ ಒಬ್ಬರ ಚೀಟಿಯಲ್ಲ, ಪಾಠಕ್ಕೆಂದು ನಾನೇ ಹೊಂದಿಸಿದ್ದು. ಆದರೆ ಇದರಲ್ಲಿರುವ ಒಂದೊಂದು ಸಾಲೂ ಶಿವಮೊಗ್ಗ, ಭದ್ರಾವತಿಯ ಯಾವ ಮೆಡಿಕಲ್ಸ್‌ನಲ್ಲಿ ನಿಂತರೂ ಒಂದು ವಾರದೊಳಗೆ ಕೈಗೆ ಬರುವಂಥದ್ದು.

ಸಾಲು 1: ಗಂಡು, 68 ವರ್ಷ. ತೂಕ: ——

ಮೊದಲ ಟೀಕೆ ಬರೆದಿಲ್ಲದ ಪದಕ್ಕೆ. ತೂಕದ ಜಾಗ ಖಾಲಿ ಇದೆ. ಹೊರರೋಗಿ ವಿಭಾಗದಲ್ಲಿ ನೂರಾರು ಜನ ಕಾಯುತ್ತಿರುವಾಗ ಅದು ಖಾಲಿ ಉಳಿಯುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಖಾಲಿ ಜಾಗ ತುಂಬುವುದು ನಮ್ಮ ಕೆಲಸ. ಅಂಗಡಿಯಲ್ಲಿ ಒಂದು ತೂಕದ ಯಂತ್ರ ಇಟ್ಟುಕೊಳ್ಳಿ. "ಯಜಮಾನ್ರೇ, ಚಪ್ಪಲಿ ಬಿಟ್ಟು ಇದರ ಮೇಲೆ ನಿಲ್ಲಿ" ಎಂದರೆ ಬೇಡ ಎನ್ನುವವರನ್ನು ನಾನು ಕಂಡಿಲ್ಲ. ನಮ್ಮ ಯಜಮಾನರು 52 ಕೆ.ಜಿ. ಈ ಒಂದು ಸಂಖ್ಯೆ ಇಡೀ ಚೀಟಿಯ ಅರ್ಥ ಬದಲಿಸುತ್ತದೆ.

ಸಾಲು 2: ಶುಗರ್, ಬಿಪಿ, ಉಬ್ಬಸ, ಮೊಣಕಾಲು ನೋವು. ಕ್ರಿಯಾಟಿನಿನ್ 1.6

ಕ್ರಿಯಾಟಿನಿನ್ 1.6 ಎಂದರೆ "ಸ್ವಲ್ಪ ಜಾಸ್ತಿ" ಎಂದು ಮುಂದಿನ ಸಾಲಿಗೆ ಹೋಗುವುದು ರೂಢಿ. ಇಲ್ಲಿ ನಿಲ್ಲಬೇಕು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಒಣಕಲು ಮೈಯವರಲ್ಲಿ ಸ್ನಾಯು ಕಡಿಮೆ, ಕ್ರಿಯಾಟಿನಿನ್ ಹುಟ್ಟುವುದೂ ಕಡಿಮೆ. ಅಂಥವರಲ್ಲಿ 1.6 ಕಂಡಿತೆಂದರೆ ಮೂತ್ರಪಿಂಡ ಆ ಸಂಖ್ಯೆ ತೋರಿಸುವುದಕ್ಕಿಂತ ಹೆಚ್ಚು ಸೋತಿದೆ ಎಂದೇ ಅರ್ಥ.

1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಕೊಟ್ಟ ಲೆಕ್ಕ ಇಂದಿಗೂ ನಮ್ಮ ಕೈಯಾಯುಧ. 140ರಲ್ಲಿ ವಯಸ್ಸು ಕಳೆದು ತೂಕದಿಂದ ಗುಣಿಸಿ. 72ನ್ನು ಕ್ರಿಯಾಟಿನಿನ್‌ನಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಹೆಂಗಸರಿಗೆ ಬಂದ ಉತ್ತರವನ್ನು 0.85ರಿಂದ ಗುಣಿಸಬೇಕು. ಯಜಮಾನರ ವಯಸ್ಸಿಗೆ 140 ಕಳೆ 68 ಸರಿಯಾಗಿ 72 ಬರುವುದರಿಂದ ಮೇಲಿನದೂ ಕೆಳಗಿನದೂ ಹೊಡೆದುಹೋಗಿ 52ನ್ನು 1.6ರಿಂದ ಭಾಗಿಸಿದರೆ ಸಾಕು. ಉತ್ತರ, ಅಂದರೆ ಕ್ರಿಯಾಟಿನಿನ್ ಕ್ಲಿಯರೆನ್ಸ್, ನಿಮಿಷಕ್ಕೆ 32.5 ಮಿ.ಲೀ. ತೂಕ ಕೇಳದೆ ಅಂದಾಜಿಗೆ 70 ಎಂದು ಹಾಕಿದ್ದರೆ ಸುಮಾರು 44 ಬರುತ್ತಿತ್ತು. ಮೂರನೇ ಒಂದು ಭಾಗ ಮೂತ್ರಪಿಂಡವನ್ನು ನಾವೇ ಕಾಗದದ ಮೇಲೆ ಹುಟ್ಟಿಸಿದಂತಾಯಿತು.

ಲ್ಯಾಬಿನವರು ಇ-ಜಿಎಫ್‌ಆರ್ ಎಂದು ಇನ್ನೊಂದು ಸಂಖ್ಯೆ ಅಚ್ಚು ಹಾಕಿ ಕೊಡುತ್ತಾರೆ. 2021ರ ಸೂತ್ರದಲ್ಲಿ ಇವರಿಗೆ ಅದು ಸುಮಾರು 47. ವಿದ್ಯಾರ್ಥಿಗಳು ಇಲ್ಲಿ ಗಲಿಬಿಲಿಗೊಳ್ಳುತ್ತಾರೆ: 32 ಸರಿಯೋ, 47 ಸರಿಯೋ? ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಲ್ಯಾಬಿನ ಸಂಖ್ಯೆಗೆ ತೂಕ ಬೇಕಿಲ್ಲ, ಅದು 1.73 ಚದರ ಮೀಟರ್ ಮೈ ಅಳತೆಯ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ನಮ್ಮ ಯಜಮಾನರು 160 ಸೆಂ.ಮೀ. ಎತ್ತರವಿದ್ದರೆ ಅವರ ಮೈ ಅಳತೆ 1.52. ಅದಕ್ಕೆ ಸರಿಹೊಂದಿಸಿದರೆ 47 ಇಳಿದು 41 ಆಗುತ್ತದೆ. ಯಾವ ಔಷಧದ ನಿಯಮ ಯಾವ ಲೆಕ್ಕದಲ್ಲಿ ಬರೆದಿದೆಯೋ ಆ ಲೆಕ್ಕದಲ್ಲೇ ನೋಡಬೇಕು, ಸಣ್ಣ ಮೈಯವರಲ್ಲಿ ಕೆಳಗಿನ ಸಂಖ್ಯೆಯನ್ನು ಮರೆಯಬಾರದು. ಹಳೆಯ ರಿಪೋರ್ಟ್ ಇದ್ದರೆ ತರಿಸಿ ನೋಡಿ. ಆರು ತಿಂಗಳ ಹಿಂದೆ 1.5 ಇದ್ದು ಈಗ 1.6 ಆಗಿರುವುದು ಒಂದು ಕಥೆ, ಹೋದ ತಿಂಗಳು 0.9 ಇದ್ದದ್ದು 1.6 ಆಗಿದ್ದರೆ ಅದು ಪೂರಾ ಬೇರೆ ಕಥೆ. ಆಗ ಯಾವ ಸೂತ್ರವೂ ನಂಬಿಕೆಗೆ ಅರ್ಹವಲ್ಲ, ಇವತ್ತೇ ವೈದ್ಯರಿಗೆ ತಿಳಿಸಬೇಕು.

ಸಾಲು 3: ಮೆಟ್‌ಫಾರ್ಮಿನ್ ಎಸ್‌ಆರ್ 1000 ಮಿ.ಗ್ರಾಂ., 1-0-1, ಊಟದ ನಂತರ

ದಿನಕ್ಕೆ 2000 ಮಿ.ಗ್ರಾಂ. ಆಯಿತು. ಇ-ಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಕೊಡುವಂತಿಲ್ಲ. 30ರಿಂದ 45ರ ನಡುವೆ ಇದ್ದರೆ ಹೊಸದಾಗಿ ಶುರು ಮಾಡುವುದಿಲ್ಲ, ಮೊದಲೇ ತೆಗೆದುಕೊಳ್ಳುತ್ತಿದ್ದರೆ ದಿನಕ್ಕೆ 1000 ಮೀರದಂತೆ ಅರ್ಧಕ್ಕಿಳಿಸುವುದು ಸಾಮಾನ್ಯ ಪದ್ಧತಿ. ನಮ್ಮವರು 41 ಮತ್ತು 47ರ ನಡುವಿನ ಬದುವಿನ ಮೇಲೆ ನಿಂತಿದ್ದಾರೆ. ಇದು ವೈದ್ಯರಿಗೆ ಫೋನಿನಲ್ಲಿ ಹೇಳಬೇಕಾದ ಮೊದಲ ಮಾತು. ಫೋನು ಹೇಗೆ ಮಾಡಬೇಕೆಂಬುದನ್ನು ಕೊನೆಯ ಸಾಲಿಗೆ ಇಟ್ಟುಕೊಂಡಿದ್ದೇನೆ.

'ಎಸ್‌ಆರ್' ಎಂಬ ಎರಡಕ್ಷರ ಮಾತ್ರೆ ನಿಧಾನವಾಗಿ ಔಷಧ ಬಿಡುತ್ತದೆ ಎಂಬುದನ್ನು ಹೇಳುತ್ತದೆ. ಪುಡಿ ಮಾಡಬಾರದು, ಅಗಿಯಬಾರದು. ಕೆಲವು ಕಂಪನಿಗಳ ಮಾತ್ರೆಯಲ್ಲಿ ಔಷಧ ಪೂರ್ತಿ ಹೊರಬಿದ್ದ ಮೇಲೂ ಹೊದಿಕೆ ಕರಗದೆ ಮಲದಲ್ಲಿ ಹಾಗೇ ಹೊರಬರುತ್ತದೆ. "ಗುಳಿಗೆ ನುಂಗಿದ್ದು ನುಂಗಿದ ಹಾಗೇ ಹೊರಗೆ ಬರ್ತಿದೆ ಸಾರ್, ಬಿಟ್ಬಿಟ್ಟೆ" ಎಂದು ಬಂದವರಿದ್ದಾರೆ. ಕೊಡುವಾಗಲೇ ಒಂದು ಮಾತು ಹೇಳಿದ್ದರೆ ಅವರ ಸಕ್ಕರೆ ಏರುತ್ತಿರಲಿಲ್ಲ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದವರಲ್ಲಿ ಬಿ12 ಇಳಿಯುತ್ತದೆ, ಪಾದ ಜೋಮು ಹಿಡಿಯುತ್ತದೆ. ಅದನ್ನು ಶುಗರ್ ಜೋಮೆಂದೇ ತಿಳಿದು ಸುಮ್ಮನಾಗುತ್ತೇವೆ. ಇದನ್ನು ಏಳನೇ ಸಾಲಿಗಾಗಿ ನೆನಪಿಟ್ಟುಕೊಳ್ಳಿ.

ಇನ್ನು 1-0-1. ನಮ್ಮ ದೇಶದ ಚೀಟಿಗಳಲ್ಲಿ ಬೇರೂರಿರುವ ಈ ಸಂಕೇತ ಬೆಳಗ್ಗೆ, ಮಧ್ಯಾಹ್ನ, ರಾತ್ರಿಯನ್ನು ಹೇಳುತ್ತದೆ, 'ಪ್ರತಿದಿನ' ಎಂಬುದನ್ನು ಹೇಳದೆಯೇ ಸೇರಿಸುತ್ತದೆ. ಮಾತ್ರೆಯೊಂದು ವಾರಕ್ಕೊಮ್ಮೆ ಮಾತ್ರ ಎಂದಾದರೆ ಈ ಸಂಕೇತ ಕೊಲ್ಲಬಲ್ಲದು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತಿನ್ನುವ ಮಾತ್ರೆ. ಅದನ್ನು 1-0-0 ಎಂದು ಓದಿ ದಿನಾ ತಿಂದವರಿಗೆ ಬಾಯಿ ಹುಣ್ಣಾಗಿ, ಬಿಳಿ ರಕ್ತಕಣ ಕುಸಿದು ಪ್ರಾಣ ಹೋದ ಪ್ರಕರಣಗಳು ಜಗತ್ತಿನ ಹಲವು ಕಡೆ ದಾಖಲಾಗಿವೆ. ಈ ಚೀಟಿಯಲ್ಲಿ ಅದಿಲ್ಲ. ಆದರೂ ಈ ಮಾತು ಇಲ್ಲಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಮೆಥೊಟ್ರೆಕ್ಸೇಟ್ ಕೊಡುವಾಗ ನಾಲ್ಕು ವಾರಕ್ಕೆ ಎಷ್ಟು ಬೇಕೋ ಅಷ್ಟೇ ಮಾತ್ರೆ ಕೊಡಿ, ವಾರದ ಹೆಸರನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆಯಿರಿ. ಹಳ್ಳಿಯವರಿಗೆ "ನಿಮ್ಮೂರ ಸಂತೆ ದಿನ ಮಾತ್ರ" ಎಂದರೆ ಆ ಮಾತು ಮರೆತುಹೋಗುವುದಿಲ್ಲ.

ಸಾಲು 4: ಗ್ಲಿಮೆಪಿರೈಡ್ 2 ಮಿ.ಗ್ರಾಂ., 1-0-0, ಊಟಕ್ಕೆ ಮೊದಲು

'ಊಟಕ್ಕೆ ಮೊದಲು' ಎಂಬ ಎರಡು ಪದಕ್ಕೆ ಈ ಇಡೀ ಟೀಕೆಯಲ್ಲಿ ಹೆಚ್ಚು ತೂಕ ಇದೆ. ಬರೆದವರ ಮನಸ್ಸಿನಲ್ಲಿ ಬೆಳಗಿನ ತಿಂಡಿ. ಯಜಮಾನರ ಕಿವಿಗೆ ಬಿದ್ದದ್ದು 'ಬೆಳಗ್ಗೆ ಎದ್ದ ಕೂಡಲೇ.' ಆರು ಗಂಟೆಗೆ ಕಾಫಿಯ ಜೊತೆ ಮಾತ್ರೆ ನುಂಗಿ ತೋಟಕ್ಕೆ ಹೋದರೆ ಮೂರೂವರೆ ಗಂಟೆ ಹೊಟ್ಟೆಗೆ ಏನೂ ಇಲ್ಲ, ಮೈಮುರಿ ಕೆಲಸ, ಮೇಲೆ ಇನ್ಸುಲಿನ್ ಹಿಂಡಿಸುವ ಮಾತ್ರೆ. ಎಂಟರ ಹೊತ್ತಿಗೆ ಕೈ ನಡುಗಿ, ತಣ್ಣನೆ ಬೆವರು ಬಂದು ಅಡಿಕೆ ಮರದ ಬುಡದಲ್ಲಿ ಕುಳಿತಿರುತ್ತಾರೆ. "ಬಿಸಿಲಿಗೆ ತಲೆ ಸುತ್ತಿತು" ಎಂದು ಮನೆಯವರು ಹೇಳುತ್ತಾರೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ: "ಯಜಮಾನ್ರೇ, ಬೆಳಗ್ಗೆ ತಿಂಡಿ ಎಷ್ಟು ಗಂಟೆಗೆ ತಿಂತೀರಿ?" ಉತ್ತರ ಒಂಬತ್ತೂವರೆ ಎಂದಾದರೆ, "ಹಾಗಾದ್ರೆ ತಟ್ಟೆ ಮುಂದೆ ಕೂತಾಗ ನುಂಗಿ, ತಿಂಡಿ ಬಿಟ್ಟ ದಿನ ಈ ಮಾತ್ರೆನೂ ಬಿಡಿ" ಎನ್ನಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ನಡುಕ, ಬೆವರು ಬಂದರೆ ಮೂರು ಟೀ ಚಮಚ, ಸುಮಾರು 15 ಗ್ರಾಂ ಸಕ್ಕರೆ ಬಾಯಿಗೆ ಹಾಕಿಕೊಂಡು ಹದಿನೈದು ನಿಮಿಷ ಕಾಯಬೇಕು, ಸುಧಾರಿಸದಿದ್ದರೆ ಇನ್ನೊಮ್ಮೆ. ಆಮೇಲೆ ಊಟ. ಇಲ್ಲೊಂದು ಸಿಕ್ಕು ಇದೆ: ವೋಗ್ಲಿಬೋಸ್ ಸೇರಿದ ಶುಗರ್ ಮಾತ್ರೆ ತಿನ್ನುವವರಿಗೆ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಆ ಔಷಧ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ತಡೆಯುತ್ತದೆ. ಅವರ ಜೇಬಿನಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು.

ಮೂತ್ರಪಿಂಡ ಸೋತವರಲ್ಲಿ ಈ ಗುಂಪಿನ ಔಷಧದಿಂದ ಇಳಿದ ಸಕ್ಕರೆ ಒಮ್ಮೆ ಏರಿ ಮತ್ತೆ ಗಂಟೆಗಟ್ಟಲೆ ಇಳಿಯಬಹುದು. ಪ್ರಜ್ಞೆ ತಪ್ಪಿದವರು ಎದ್ದು ಕುಳಿತರೆಂದು ಮನೆಗೆ ಕಳುಹಿಸುವಂತಿಲ್ಲ, ಆಸ್ಪತ್ರೆಯಲ್ಲಿ ಇಟ್ಟು ನೋಡಬೇಕು. ಇವರಿಗೆ 2ಕ್ಕಿಂತ 1 ಮಿ.ಗ್ರಾಂ. ಸಾಕಲ್ಲವೇ ಎಂದು ವೈದ್ಯರನ್ನು ಕೇಳುವುದು ಎರಡನೇ ಮಾತು.

ಸಾಲು 5: ಟೆಲ್ಮಿಸಾರ್ಟನ್ 40 + ಹೈಡ್ರೋಕ್ಲೋರೋಥಯಜೈಡ್ 12.5, 1-0-0

ಬೆಳಗ್ಗೆಯೇ ಏಕೆಂದರೆ ಎರಡನೆಯದು ಮೂತ್ರ ಹೋಗಿಸುವ ಔಷಧ, ರಾತ್ರಿ ಕೊಟ್ಟರೆ ನಿದ್ದೆ ಕೆಡುತ್ತದೆ, ಕತ್ತಲಲ್ಲಿ ಎದ್ದು ಬಿದ್ದರೆ ಸೊಂಟ ಮುರಿಯುತ್ತದೆ. ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಏರಿಸುತ್ತದೆ. ಎಳನೀರಿನಲ್ಲೂ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡ ಸೋತವರು ದಿನಾ ಎರಡು ಮೂರು ಎಳನೀರು ಕುಡಿಯುವುದು ಒಳ್ಳೆಯದಲ್ಲ. ನಮ್ಮೂರಲ್ಲಿ ಸುಸ್ತಾದವರಿಗೆ ಮೊದಲು ಕೊಡುವುದೇ ಎಳನೀರು, ಆದ್ದರಿಂದ ಈ ಮಾತನ್ನು ಮನೆಯವರಿಗೂ ಹೇಳಿ.

ಮಲೆನಾಡಿನ ಮಳೆಗಾಲಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಪಾಠದಲ್ಲಿ ಒತ್ತಿ ಹೇಳುವವರು ಕಡಿಮೆ. ಟೆಲ್ಮಿಸಾರ್ಟನ್ ಗಾಳಿಯ ತೇವ ಹೀರುವ ಮಾತ್ರೆ. ಸ್ಟ್ರಿಪ್ಪಿನಿಂದ ತಿನ್ನುವ ಹೊತ್ತಿಗಷ್ಟೇ ಬಿಡಿಸಬೇಕು. ಒಮ್ಮೆ ಒಬ್ಬ ಅಮ್ಮ ಅಡುಗೆಮನೆಯ ಸಣ್ಣ ಸ್ಟೀಲ್ ಡಬ್ಬಿ ತಂದು ತೋರಿಸಿದರು. ತಿಂಗಳಿನ ಮಾತ್ರೆಗಳನ್ನೆಲ್ಲ ಬಿಡಿಸಿ ತುಂಬಿಟ್ಟಿದ್ದರು. ಜುಲೈ ತಿಂಗಳು, ಬಿಳಿ ಮಾತ್ರೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿ, ಬೆರಳಿಟ್ಟರೆ ಹುಡಿಯಾಗುತ್ತಿದ್ದವು. "ದಿನಾ ತಗೊಳ್ತಿದ್ದೀನಿ, ಆದ್ರೂ ಬಿಪಿ ಇಳೀತಿಲ್ಲ" ಎಂಬುದು ಅವರ ದೂರು. ಔಷಧ ಹೆಚ್ಚಿಸುವ ಮೊದಲು ಡಬ್ಬಿ ನೋಡಬೇಕು. ನಾವೂ ನಾಲ್ಕು ಮಾತ್ರೆ ಕೇಳಿದವರಿಗೆ ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ನಂಬರು, ಅವಧಿ ದಿನಾಂಕ ಇರುವ ತುದಿಯನ್ನು ನಮ್ಮ ಕಡೆಯೇ ಉಳಿಸಿಕೊಳ್ಳುತ್ತೇವೆ. ರೋಗಿಯ ಕೈಗೆ ಹೆಸರಿಲ್ಲದ, ದಿನಾಂಕವಿಲ್ಲದ ಮಾತ್ರೆ ಹೋಗುತ್ತದೆ. ಇದು ಬಿಡಲೇಬೇಕಾದ ಅಭ್ಯಾಸ.

ಸಾಲು 6: ಡೈಕ್ಲೋಫೆನಾಕ್ 50 ಮಿ.ಗ್ರಾಂ., 1-0-1, ನೋವಿದ್ದರೆ

ಚೀಟಿಯ ಗಂಟು ಇರುವುದು ಇಲ್ಲಿ.

ಮೂತ್ರಪಿಂಡದ ಸೋಸುವ ಗಂಟನ್ನು ತೋಟದ ನೀರಿನ ತೊಟ್ಟಿ ಎಂದುಕೊಳ್ಳಿ. ಒಳಗೆ ಬರುವ ತೂಬು ಒಂದು, ಹೊರಗೆ ಹೋಗುವ ತೂಬು ಒಂದು. ತೊಟ್ಟಿಯಲ್ಲಿ ಒತ್ತಡ ಇದ್ದರೆ ಮಾತ್ರ ನೀರು ಜಾಲರಿಯಲ್ಲಿ ಸೋಸಿ ಇಳಿಯುತ್ತದೆ. ಥಯಜೈಡ್ ಕಾಲುವೆಯ ನೀರನ್ನೇ ಕಡಿಮೆ ಮಾಡುತ್ತದೆ. ಟೆಲ್ಮಿಸಾರ್ಟನ್ ಹೊರ ತೂಬನ್ನು ಅಗಲ ಮಾಡುತ್ತದೆ. ಇಷ್ಟಾದರೂ ಮೈಯೊಳಗಿನ ಪ್ರೋಸ್ಟಾಗ್ಲಾಂಡಿನ್ ಒಳ ತೂಬನ್ನು ತೆರೆದಿಟ್ಟು ತೊಟ್ಟಿಯ ಮಟ್ಟ ಕಾಯುತ್ತಿರುತ್ತದೆ. ಡೈಕ್ಲೋಫೆನಾಕ್ ತಡೆಯುವುದು ಆ ಪ್ರೋಸ್ಟಾಗ್ಲಾಂಡಿನ್ ಅನ್ನೇ. ಒಳ ತೂಬು ಮುಚ್ಚಿತು, ಹೊರ ತೂಬು ತೆರೆದಿದೆ, ಕಾಲುವೆಯಲ್ಲಿ ನೀರಿಲ್ಲ. ಎರಡು ದಿನ ವಾಂತಿ ಭೇದಿಯೋ, ಬೇಸಿಗೆಯ ಬಿಸಿಲಲ್ಲಿ ನೀರು ಕುಡಿಯದ ಕೆಲಸವೋ ಸೇರಿದರೆ 1.6 ಇದ್ದದ್ದು 4 ಆಗಲು ವಾರ ಬೇಕಿಲ್ಲ. ಮೂತ್ರಪಿಂಡ ಹಾಗೆ ಇಳಿದಾಗ ಮೂರನೇ ಸಾಲಿನ ಮೆಟ್‌ಫಾರ್ಮಿನ್ ಮೈಯಲ್ಲಿ ಉಳಿದು ರಕ್ತ ಹುಳಿಯಾಗುತ್ತದೆ, ನಾಲ್ಕನೇ ಸಾಲಿನ ಗ್ಲಿಮೆಪಿರೈಡ್‌ನಿಂದ ಸಕ್ಕರೆ ಕುಸಿಯುತ್ತದೆ, ಐದನೇ ಸಾಲಿನ ಟೆಲ್ಮಿಸಾರ್ಟನ್‌ನಿಂದ ಪೊಟ್ಯಾಸಿಯಂ ಏರುತ್ತದೆ. ಒಂದೊಂದು ಸಾಲನ್ನು ಒಂಟಿಯಾಗಿ ಓದಿದವರಿಗೆ ಇದು ಕಾಣುವುದೇ ಇಲ್ಲ.

ಮೊಣಕಾಲು ನೋವು ಸುಳ್ಳಲ್ಲ. ಅದಕ್ಕೆ ಉತ್ತರ ಕೊಡದೆ ಮಾತ್ರೆ ಕಿತ್ತುಕೊಂಡರೆ ಯಜಮಾನರು ಬೇರೆ ಕಡೆ ಚೀಟಿ ಇಲ್ಲದೆ ಅದನ್ನೇ ಕೊಳ್ಳುತ್ತಾರೆ. ಡೈಕ್ಲೋಫೆನಾಕ್ ಮುಲಾಮಿನ ರೂಪದಲ್ಲಿ ಮೊಣಕಾಲಿಗೆ ಹಚ್ಚಿದರೆ ರಕ್ತಕ್ಕೆ ಸೇರುವುದು ತೀರ ಕಡಿಮೆ. ಪ್ಯಾರಾಸಿಟಮಾಲ್ 500, ಈ ವಯಸ್ಸಿಗೆ, ಈ ತೂಕಕ್ಕೆ ದಿನಕ್ಕೆ ಒಟ್ಟು 3 ಗ್ರಾಂ ಮೀರದಂತೆ. ಇದು ವೈದ್ಯರ ಮುಂದಿಡುವ ಮೂರನೇ ಮಾತು. "ಮನೆಯಲ್ಲಿ ಬೇರೆ ನೋವಿನ ಮಾತ್ರೆ ಇದೆಯಾ?" ಎಂದೂ ಕೇಳಿ. ಬೇರೆ ಬೇರೆ ಹೆಸರಿನ ಎರಡು ಸ್ಟ್ರಿಪ್ಪಿನಲ್ಲಿ ಒಂದೇ ಔಷಧ ಇರುವುದು ದಿನಾ ಕಾಣುವ ಸಂಗತಿ.

ನಮ್ಮ ಜಿಲ್ಲೆಯಲ್ಲಿ ಈ ಸಾಲಿಗೆ ಇನ್ನೊಂದು ಅರ್ಥವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಇಂದಿಗೂ ಹೋಗಿಲ್ಲ. ಬೇಸಿಗೆ ಮುಗಿಯುವವರೆಗೆ ಅದರ ಕಾಲ. ಕಾಡಂಚಿನಿಂದ ಬಂದವರು ಜ್ವರ, ವಿಪರೀತ ಮೈಕೈ ನೋವು ಎಂದರೆ ಕೌಂಟರಿನಿಂದ ಡೈಕ್ಲೋಫೆನಾಕ್, ಆಸ್ಪಿರಿನ್ ಕೊಡಲೇಬಾರದು. ಆ ಕಾಯಿಲೆಯಲ್ಲಿ ರಕ್ತಸ್ರಾವವಾಗಬಹುದು. ಮಳೆಗಾಲದ ಡೆಂಗಿಗೂ ಇದೇ ಮಾತು. ಪ್ಯಾರಾಸಿಟಮಾಲ್ ಒಂದೇ, ಮತ್ತು ಇವತ್ತೇ ಆಸ್ಪತ್ರೆಗೆ.

ಸಾಲು 7: ಪ್ಯಾಂಟೊಪ್ರಜೋಲ್ 40, 1-0-0

ಜನ ಕರೆಯುವುದು 'ಗ್ಯಾಸ್ ಮಾತ್ರೆ.' ತಿಂಡಿಗೆ ಅರ್ಧ ಗಂಟೆ ಮೊದಲು, ಮುರಿಯದೆ. ಇಲ್ಲಿ ಇದು ಬಂದಿರುವುದು ಡೈಕ್ಲೋಫೆನಾಕ್‌ನಿಂದ ಹೊಟ್ಟೆ ಕಾಯಲು. ಆರನೇ ಸಾಲು ಹೋದರೆ ಇದಕ್ಕೂ ಕೆಲಸವಿಲ್ಲ. ಆದರೆ ಗ್ಯಾಸ್ ಮಾತ್ರೆ ಒಮ್ಮೆ ಚೀಟಿ ಹತ್ತಿದರೆ ಇಳಿಯುವುದೇ ಇಲ್ಲ, ವರ್ಷಗಟ್ಟಲೆ ಉಳಿಯುತ್ತದೆ. ಇದೂ ಬಿ12 ಇಳಿಸುತ್ತದೆ. ಮೆಟ್‌ಫಾರ್ಮಿನ್ ಜೊತೆ ಸೇರಿದರೆ ಎರಡು ಪಟ್ಟು ಕಾರಣ.

ಸಾಲು 8: ಫಾರ್ಮೊಟೆರಾಲ್ + ಬುಡೆಸೊನೈಡ್ ಇನ್‌ಹೇಲರ್ ಕ್ಯಾಪ್ಸೂಲ್, 1-0-1, 30 ದಿನ

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಜ್ಜನಿಗೆ ಈ ಕ್ಯಾಪ್ಸೂಲ್ ಡಬ್ಬಿಯನ್ನು ಕೊಟ್ಟು "ಬೆಳಗ್ಗೆ ಒಂದು, ರಾತ್ರಿ ಒಂದು" ಎಂದೆ. ಅದನ್ನು ಹಾಕಿ ಸೇದುವ ಯಂತ್ರವನ್ನೂ ಕೊಟ್ಟಿದ್ದೆ, ಬಳಸುವುದನ್ನು ತೋರಿಸಲಿಲ್ಲ. ಹದಿನೈದು ದಿನ ಬಿಟ್ಟು ಅವರ ಮಗಳು ಬಂದರು: ಉಬ್ಬಸ ಜಾಸ್ತಿಯಾಗಿ ರಾತ್ರಿಯೆಲ್ಲ ಕುಳಿತೇ ಇದ್ದರಂತೆ. ಅಜ್ಜ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುತ್ತಿದ್ದರು. ನುಂಗಿದ ಔಷಧ ಶ್ವಾಸಕೋಶಕ್ಕೆ ಹೋಗುವುದಿಲ್ಲ. ನಾನು ಎರಡು ನಿಮಿಷ ಉಳಿಸಿಕೊಂಡಿದ್ದೆ, ಅವರು ಹದಿನೈದು ರಾತ್ರಿ ಕಳೆದುಕೊಂಡರು. ಅಂದಿನಿಂದ ತೋರಿಸದೆ ಇನ್‌ಹೇಲರ್ ಕೊಟ್ಟಿಲ್ಲ.

ತೋರಿಸುವ ಕ್ರಮ ಇಷ್ಟು: ಕ್ಯಾಪ್ಸೂಲ್ ಯಂತ್ರದಲ್ಲಿ ಹಾಕಿ ತೂತು ಮಾಡಿ. ಮುಖ ಆಚೆ ತಿರುಗಿಸಿ ಉಸಿರು ಪೂರ್ತಿ ಹೊರಹಾಕಿ, ಯಂತ್ರದೊಳಗೆ ಊದಬೇಡಿ, ಪುಡಿ ಒದ್ದೆಯಾಗುತ್ತದೆ. ತುಟಿಯಿಂದ ಬಿಗಿಯಾಗಿ ಹಿಡಿದು ಜೋರಾಗಿ, ಆಳವಾಗಿ ಸೇದಿ. ಹತ್ತು ಎಣಿಸುವವರೆಗೆ ಉಸಿರು ಹಿಡಿದುಕೊಳ್ಳಿ. ಪುಡಿ ಉಳಿದಿದ್ದರೆ ಇನ್ನೊಮ್ಮೆ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆಯಲ್ಲಿ ಬಿಳಿ ಬೂಷ್ಟು ಕಟ್ಟುತ್ತದೆ. ಸೇದುವ ಮೊದಲು ಎಲೆ-ಅಡಿಕೆ ಉಗುಳಿ ಬಾಯಿ ತೊಳೆದಿರಬೇಕು. ಅಡಿಕೆಯಲ್ಲಿರುವ ಅರೆಕೋಲಿನ್ ಶ್ವಾಸನಾಳವನ್ನು ಬಿಗಿಮಾಡಬಲ್ಲದು. ಉಬ್ಬಸದವರಿಗೆ ಅಡಿಕೆ ಕಡಿಮೆ ಮಾಡಿ ಎಂದು ಅಡಿಕೆ ನಾಡಿನಲ್ಲಿ ಹೇಳುವುದು ಸುಲಭವಲ್ಲ, ಆದರೂ ಹೇಳಬೇಕು.

ಕೊನೆಯ '30 ದಿನ'ಕ್ಕೂ ಅರ್ಥವಿದೆ. ವೈದ್ಯರು ಮತ್ತೆ ಕೊಡಬಹುದೆಂದು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ ಎಂದು 1945ರ ಔಷಧ ನಿಯಮಗಳ 65ನೇ ನಿಯಮ ಹೇಳುತ್ತದೆ. ಮೂರು ವರ್ಷ ಹಳೆಯ, ಮಡಚಿ ಹರಿದ ಚೀಟಿ ತೋರಿಸಿ ಅದೇ ಮಾತ್ರೆ ಕೊಳ್ಳುವವರ ಕ್ರಿಯಾಟಿನಿನ್ ಈಗ ಎಷ್ಟಿದೆ ಎಂದು ಯಾರೂ ನೋಡಿರುವುದಿಲ್ಲ.

ಇನ್ನು ಫೋನು. ಚೀಟಿಯ ತಲೆಯಲ್ಲಿ ವೈದ್ಯರ ನಂಬರು ಇರುತ್ತದೆ. ರೋಗಿಯ ಎದುರು "ಡಾಕ್ಟರು ತಪ್ಪು ಬರೆದಿದ್ದಾರೆ" ಎನ್ನಬೇಡಿ. ಯಜಮಾನರ ನಂಬಿಕೆ ಮುರಿದರೆ ಸರಿಯಾದ ಮಾತ್ರೆಯನ್ನೂ ಬಿಡುತ್ತಾರೆ. "ಒಂದು ನಿಮಿಷ, ಕೇಳಿ ಹೇಳ್ತೀನಿ ಕೂತ್ಕೊಳ್ಳಿ" ಎಂದು ಒಳಗೆ ಹೋಗಿ. "ಸಾರ್, ನಾನು ಫಾರ್ಮಸಿಸ್ಟ್ ಮಾತಾಡ್ತಿದ್ದೀನಿ. ನಿಮ್ಮ ಪೇಷಂಟ್, 68 ವರ್ಷ, ತೂಕ 52, ಕ್ರಿಯಾಟಿನಿನ್ 1.6, ಕ್ಲಿಯರೆನ್ಸ್ 32 ಬರ್ತಿದೆ. ಟೆಲ್ಮಿಸಾರ್ಟನ್, ಥಯಜೈಡ್ ಜೊತೆ ಡೈಕ್ಲೋಫೆನಾಕ್ ಇದೆ. ಮುಲಾಮು, ಪ್ಯಾರಾಸಿಟಮಾಲ್ ಕೊಡಲಾ? ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಗ್ಲಿಮೆಪಿರೈಡ್ 1 ಮಾಡಬಹುದಾ?" ಅಷ್ಟೇ. ಮೊದಲು ಸಂಖ್ಯೆ, ಆಮೇಲೆ ತೊಂದರೆ, ಕೊನೆಗೆ ಕೈಯಲ್ಲಿ ಸಿದ್ಧ ಇರುವ ದಾರಿ. ಅವರು ಹೂಂ ಅಂದದ್ದನ್ನು ದಿನಾಂಕ, ಹೊತ್ತು ಹಾಕಿ ಚೀಟಿಯ ಬೆನ್ನಿಗೆ ಬರೆದಿಡಿ. ಒಪ್ಪದಿದ್ದರೆ ಕಾರಣ ಕೇಳಿ, ನಮಗೆ ಗೊತ್ತಿಲ್ಲದ ಕಾರಣ ಅವರ ಬಳಿ ಇರಬಹುದು.

ಹೊರಗೆ ಬಂದು ಪೊಟ್ಟಣಗಳ ಮೇಲೆ ದಪ್ಪ ಪೆನ್ನಿನಲ್ಲಿ ಬರೆಯಿರಿ. ಓದು ಬಾರದವರಿದ್ದರೆ ತಿಂಡಿಯ ಹೊತ್ತಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಆಮೇಲೆ ಎಲ್ಲವನ್ನೂ ಅವರ ಮುಂದಿಟ್ಟು, "ಯಜಮಾನ್ರೇ, ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು, ನಾಳೆ ಬೆಳಗ್ಗೆ ಎದ್ದಾಗಿನಿಂದ ಯಾವುದು ಯಾವಾಗ ತಗೊಳ್ತೀರಿ, ಒಂದ್ಸಲ ಹೇಳಿ" ಎನ್ನಿ. ಅವರು ಸೂರ್ಯ ಬರೆದ ಗ್ಲಿಮೆಪಿರೈಡ್ ಪೊಟ್ಟಣ ಎತ್ತಿ "ಇದು ತೋಟದಿಂದ ಬಂದ ಮೇಲೆ, ತಿಂಡಿ ತಟ್ಟೆ ಮುಂದೆ" ಎಂದರೆ ಬಿಲ್ ಹಾಕಿ.